ಪಂಪ್‌ಸೆಟ್ ಸ್ಟಾರ್ಟರ್ ದುರಸ್ತಿ: ಹೊಸಪೇಟೆ, ಕಂಪ್ಲಿ, ಸಂಡೂರು ಸೀಮೆ

ನೀರೆತ್ತುವ ಮೂರು ಫೇಸಿನ ಮೋಟರನ್ನು ಚಾಲೂ ಮಾಡುವ, ನಿಲ್ಲಿಸುವ, ಸುಡದಂತೆ ಕಾಯುವ ಪೆಟ್ಟಿಗೆಯೇ ಸ್ಟಾರ್ಟರ್. ರೈತರ ಬಾಯಲ್ಲಿ ಅದು ‘ಡಬ್ಬಿ’, ‘ಪ್ಯಾನಲ್’ ಅಥವಾ ಬರೀ ‘ಬೋರ್ಡು’. ಅದರಲ್ಲಿ ಏಳುವ ವಿದ್ಯುತ್ ಮತ್ತು ಎಲೆಕ್ಟ್ರಾನಿಕ್ ದೋಷಗಳನ್ನು ಪತ್ತೆಹಚ್ಚಿ ಸರಿಪಡಿಸುವುದು ತುಂಗಭದ್ರೆಯ ಬಲದಂಡೆಯ ಪಟ್ಟಣಗಳಲ್ಲಿ ಹೊಟ್ಟೆ ಹೊರೆಯುವ ಕಸುಬು. ಐಟಿಐಯಲ್ಲಿ ಎರಡು ವರ್ಷ ಎಲೆಕ್ಟ್ರಿಷಿಯನ್ ಕಲಿತವರೂ ಇದನ್ನು ಮಾಡುತ್ತಾರೆ; ರಿವೈಂಡಿಂಗ್ ಅಂಗಡಿಯಲ್ಲಿ ಹುಡುಗನಾಗಿ ಸೇರಿ, ತಂತಿ ಸುತ್ತುತ್ತ ಕೈ ಪಳಗಿಸಿಕೊಂಡವರೂ ಮಾಡುತ್ತಾರೆ. ಎರಡನೆಯ ದಾರಿಯಲ್ಲಿ ಬಂದವರಿಗೆ ಸೂತ್ರ ಕಡಿಮೆ ಗೊತ್ತು, ಕಿವಿ ಚುರುಕು. ಸ್ಟಾರ್ಟರ್ ದುರಸ್ತಿಯಲ್ಲಿ ಕಿವಿಗೆ ಬೆಲೆ ಜಾಸ್ತಿ. ‘ಡಬ್ಬಿ ಹಿಡೀವಲ್ದು’ ಎಂದು ರೈತ ಹೇಳಿದ ಕೂಡಲೇ ಅವರು ಕೇಳುವ ಮೊದಲ ಪ್ರಶ್ನೆ: ‘ಸಪ್ಪಳ ಹೆಂಗ ಬರ್ತದ?’

ಈ ಕೆಲಸದ ಸಿಕ್ಕು ಇರುವುದು ಒಂದೇ ಕಡೆ. ದೋಷ ಕಾಣಿಸಿಕೊಳ್ಳುವ ಜಾಗ ಒಂದು, ಹುಟ್ಟುವ ಜಾಗ ಇನ್ನೊಂದು. ಡಬ್ಬಿಯೊಳಗಿನ ಕಾಯಿಲ್ ಸುಟ್ಟಿದೆ ಎಂದು ಹೊಸದನ್ನು ಹಾಕಿದರೆ ಮೂರನೆಯ ದಿನ ಅದೂ ಸುಡುತ್ತದೆ, ಏಕೆಂದರೆ ತಪ್ಪು ಅರ್ಧ ಮೈಲಿ ಆಚೆ ಟಿಸಿಯಲ್ಲಿರುತ್ತದೆ. ಟಿಸಿ ಎಂದರೆ ಹೊಲದ ಬದುವಿನಲ್ಲಿ ಕಂಬದ ಮೇಲೆ ಕೂತ ವಿತರಣಾ ಟ್ರಾನ್ಸ್‌ಫಾರ್ಮರ್.

ನೀರು ಮತ್ತು ಕರೆಂಟು

ಇದು ಚಿಕ್ಕ ಸೀಮೆ. ಆದರೆ ನೀರು ಸಿಗುವ ಬಗೆ ಊರೂರಿಗೆ ಬೇರೆ, ಹಾಗಾಗಿ ಸ್ಟಾರ್ಟರ್ ಕೆಡುವ ಬಗೆಯೂ ಬೇರೆ. ಹಂಪಿ, ಕಮಲಾಪುರದ ಬಾಳೆ ಮತ್ತು ಕಬ್ಬಿನ ಗದ್ದೆಗಳಿಗೆ ವಿಜಯನಗರ ಕಾಲದ ಕಾಲುವೆಗಳ ನೀರಿದೆ. ತುರ್ತು ಕಾಲುವೆ, ರಾಯ ಕಾಲುವೆ, ಬಸವ ಕಾಲುವೆಗಳು ನೆಲದ ಇಳಿಜಾರನ್ನೇ ನಂಬಿ ಹರಿಯುತ್ತವೆ. ಅವುಗಳಲ್ಲಿ ಕೆಡುವಂಥ ಕಾಯಿಲ್ಲಿಲ್ಲ, ಫ್ಯೂಸಿಲ್ಲ. ಕಂಪ್ಲಿಯ ಕಡೆ ಕಾಲುವೆ ಏರದ ದಿಬ್ಬಗಳಿಗೆ ಹೊಳೆಯ ದಂಡೆಯಲ್ಲಿ ಮೋಟರ್ ಇಟ್ಟು, ಪೈಪಿನಲ್ಲಿ ನೀರು ಎಳೆದು ಭತ್ತ, ಬಾಳೆ, ಕಬ್ಬು ಬೆಳೆಯುವವರಿದ್ದಾರೆ. ಸಂಡೂರಿನ ಬೆಟ್ಟಸಾಲಿನ ನಡುವೆ ತುಂಗಭದ್ರೆ ಹರಿಯುವುದಿಲ್ಲ. ಅಲ್ಲಿ ಬಹುಮಟ್ಟಿಗೆ ಬೋರೇ ಗತಿ, ಮೋಟರ್ ಇರುವುದು ನೂರಾರು ಅಡಿ ಆಳದಲ್ಲಿ.

1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟು ಹೊಸಪೇಟೆಯ ಮಗ್ಗುಲಲ್ಲೇ ಇದೆ. ಆರಂಭದಲ್ಲಿ 133 ಟಿಎಂಸಿ ಅಡಿ ಇದ್ದ ಅದರ ಸಂಗ್ರಹ ಹೂಳು ತುಂಬಿ ಈಗ ಸುಮಾರು 105.8 ಟಿಎಂಸಿ ಅಡಿಗೆ ಇಳಿದಿದೆ. ಅಣೆಕಟ್ಟಿನ ಬುಡದಲ್ಲೂ ಹಂಪಿಯ ಕಾಲುವೆಯ ಮೇಲೂ ಜಲವಿದ್ಯುತ್ ಕೇಂದ್ರಗಳಿವೆ. ಕರೆಂಟು ಹುಟ್ಟುವ ಜಾಗದ ನೆರಳಲ್ಲಿದ್ದರೂ ಹೊಲದ ಡಬ್ಬಿಗೆ ಬರುವ ವೋಲ್ಟೇಜಿಗೂ ಅದಕ್ಕೂ ನಂಟಿಲ್ಲ. ಇಲ್ಲಿ ವಿತರಣೆ ನೋಡಿಕೊಳ್ಳುವುದು 2002ರಲ್ಲಿ ಆರಂಭವಾದ, ಕಲಬುರಗಿಯಲ್ಲಿ ಕೇಂದ್ರ ಕಚೇರಿ ಇರುವ ಜೆಸ್ಕಾಂ. 11 ಕಿಲೋವೋಲ್ಟಿನ ಲೈನು ಟಿಸಿಗೆ ಬಂದು, ಅಲ್ಲಿ ಇಳಿದು, ಫೇಸ್ ಫೇಸಿನ ನಡುವೆ ಸುಮಾರು 415 ವೋಲ್ಟ್, ಫೇಸು ನ್ಯೂಟ್ರಲ್ ನಡುವೆ ಸುಮಾರು 240 ವೋಲ್ಟ್ ಆಗಿ ಹೊಲಕ್ಕೆ ಹೋಗುತ್ತದೆ. ಇದು ಪುಸ್ತಕದ ಲೆಕ್ಕ. ಟಿಸಿಯಿಂದ ಕೊನೆಯ ಕಂಬದ ಹೊತ್ತಿಗೆ, ಹತ್ತಾರು ಮೋಟರ್ ಒಟ್ಟಿಗೆ ಓಡುತ್ತಿರುವಾಗ, ಮೀಟರಿನ ಮುಳ್ಳು ಎಲ್ಲಿ ನಿಲ್ಲುತ್ತದೆ ಎಂಬುದು ಆ ದಿನದ ಅದೃಷ್ಟ.

ಕರ್ನಾಟಕದಲ್ಲಿ 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್ಟುಗಳಿಗೆ ವಿದ್ಯುತ್ ಉಚಿತ. ಮೂರು ಫೇಸ್ ಸಿಗುವುದು ಮಾತ್ರ ದಿನದ ಕೆಲವು ತಾಸು, ಕೆಲವೊಮ್ಮೆ ರಾತ್ರಿ ಪಾಳಿಯಲ್ಲಿ. ಬೆಳೆಯ ನೀರು, ಕರೆಂಟಿನ ತಾಸು ಎರಡೂ ಬಿಗಿಯಾದಾಗ ರೈತ ರಿಪೇರಿಗೆ ಕಾಯುವುದಿಲ್ಲ. ಡಬ್ಬಿಯ ಒಳಗಿನ ಕಾವಲುಗಾರನನ್ನು, ಅಂದರೆ ರಕ್ಷಣಾ ಸಾಧನವನ್ನು, ತೆಗೆದುಹಾಕಿ ನೇರ ಓಡಿಸುತ್ತಾನೆ. ಮುಂದೆ ಹೇಳುವ ಬಹಳಷ್ಟು ದೋಷಗಳ ಬೇರು ಈ ಅವಸರದಲ್ಲಿದೆ. ಅದನ್ನು ಅಜ್ಞಾನ ಎನ್ನುವುದು ತಪ್ಪಾಗುತ್ತದೆ. ಒಣಗುತ್ತಿರುವ ಭತ್ತದ ಮಡಿಯ ಮುಂದೆ ನಿಂತವನ ಲೆಕ್ಕ ಬೇರೆ.

ಡಬ್ಬಿಯ ಒಳಗೆ

ಸಣ್ಣ ಮೋಟರುಗಳಿಗೆ ಬಳಸುವುದು ನೇರ ಚಾಲನೆಯ ಸ್ಟಾರ್ಟರ್, ಅಂಗಡಿಯ ಮಾತಿನಲ್ಲಿ ‘ಡಿಒಎಲ್’. ಹಸಿರು ಗುಂಡಿ ಒತ್ತಿದರೆ ಕಾಯಿಲ್ಲಿಗೆ ಕರೆಂಟು ಹರಿದು ಅದು ಅಯಸ್ಕಾಂತವಾಗುತ್ತದೆ, ಎದುರಿನ ಕಬ್ಬಿಣದ ತುಂಡನ್ನು ಎಳೆದುಕೊಳ್ಳುತ್ತದೆ, ಆ ತುಂಡಿಗೆ ಅಂಟಿದ ಮೂರು ಜೊತೆ ಪಾಯಿಂಟುಗಳು ಕೂಡಿ ಮೋಟರಿಗೆ ಮೂರು ಫೇಸ್ ಹೋಗುತ್ತದೆ. ಪಕ್ಕದಲ್ಲೇ ಇರುವ ನಾಲ್ಕನೆಯ ಸಣ್ಣ ಪಾಯಿಂಟು ಕಾಯಿಲ್ಲಿಗೆ ತಾನೇ ಕರೆಂಟು ಕೊಡುತ್ತದೆ. ಬೆರಳು ತೆಗೆದರೂ ಡಬ್ಬಿ ‘ಹಿಡಿದು’ ನಿಲ್ಲುವುದು ಇದರಿಂದ. ಕರೆಂಟು ಹೋದರೆ ಕಾಯಿಲ್ ಸತ್ತು, ಸ್ಪ್ರಿಂಗು ಎಲ್ಲವನ್ನೂ ಬಿಡಿಸುತ್ತದೆ. ಹಾಗಾಗಿ ಅದರ ಹೆಸರು ನೋ-ವೋಲ್ಟ್ ಕಾಯಿಲ್, ಚೀಟಿಯಲ್ಲಿ ಬರೆಯುವಾಗ ‘ಎನ್‌ವಿಸಿ’. ಮೋಟರಿಗೆ ಹೋಗುವ ದಾರಿಯಲ್ಲಿ ಓವರ್‌ಲೋಡ್ ರಿಲೇ ಇರುತ್ತದೆ. ಕರೆಂಟು ಮಿತಿಮೀರಿದರೆ ಅದರೊಳಗಿನ ಜೋಡಿ ಲೋಹದ ಪಟ್ಟಿ ಕಾದು ಬಾಗಿ, ಕಾಯಿಲ್ಲಿನ ದಾರಿ ಕಡಿಯುತ್ತದೆ.

ದೊಡ್ಡ ಮೋಟರುಗಳಿಗೆ ಸ್ಟಾರ್-ಡೆಲ್ಟಾ ಸ್ಟಾರ್ಟರ್. ನೇರವಾಗಿ ಹಚ್ಚಿದರೆ ಮೋಟರು ಆರಂಭದಲ್ಲಿ ತನ್ನ ಸಾಮಾನ್ಯ ಕರೆಂಟಿನ ಆರು ಪಟ್ಟಿನಷ್ಟು ಎಳೆಯುತ್ತದೆ; ಸ್ಟಾರಿನಲ್ಲಿ ಎಬ್ಬಿಸಿ ಡೆಲ್ಟಾಕ್ಕೆ ದಾಟಿಸಿದರೆ ಆ ಎಳೆತ ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಇದರ ಟೈಮರ್ ಕೆಟ್ಟು ಮೋಟರು ಸ್ಟಾರಿನಲ್ಲೇ ಉಳಿದರೆ ನೀರು ಬಂದೇ ಬರುತ್ತದೆ, ಆದರೆ ಮೋಟರು ಏದುಸಿರು ಬಿಡುತ್ತ ಬಿಸಿಯಾಗುತ್ತದೆ. ಇನ್ನೊಂದು ಎಡವಟ್ಟು ರಿಲೇಯ ತಿರುಪಿನದು. ಈ ಸ್ಟಾರ್ಟರಿನಲ್ಲಿ ರಿಲೇ ವೈಂಡಿಂಗಿನ ದಾರಿಯಲ್ಲಿ ಕೂತಿದ್ದರೆ ಅದನ್ನು ಲೈನ್ ಕರೆಂಟಿನ ಶೇಕಡ 58ಕ್ಕೆ ತಿರುಗಿಸಬೇಕು. ಪೂರ್ತಿ ಕರೆಂಟಿಗೆ ಇಟ್ಟರೆ ರಿಲೇ ಇದ್ದೂ ಇಲ್ಲದಂತೆ.

ಫೇಸ್ ಹೋಗುವುದು

ಈ ಸೀಮೆಯ ಮೋಟರುಗಳ ಮುಖ್ಯ ಶತ್ರು ಇದೇ. ಮೂರರಲ್ಲಿ ಒಂದು ಫೇಸ್ ಎಲ್ಲೋ ಕಡಿದಿರುತ್ತದೆ. ನಿಂತಿದ್ದ ಮೋಟರು ಏಳುವುದಿಲ್ಲ, ಗುಂಯ್ ಎನ್ನುತ್ತ ನಡುಗುತ್ತದೆ. ಓಡುತ್ತಿದ್ದ ಮೋಟರು ಮಾತ್ರ ಓಡುತ್ತಲೇ ಇರುತ್ತದೆ; ಅಪಾಯ ಇರುವುದು ಅಲ್ಲೇ. 5 ಅಶ್ವಶಕ್ತಿಯ ಮೋಟರು ಸಾಮಾನ್ಯವಾಗಿ 7.5 ಆಂಪಿಯರ್ ಆಸುಪಾಸು ಎಳೆಯುತ್ತದೆ. ಎರಡೇ ಫೇಸಿನ ಮೇಲೆ ಅದೇ ಹೊರೆ ಹೊರಬೇಕಾದಾಗ ಉಳಿದ ತಂತಿಗಳಲ್ಲಿ ಅದರ ಸುಮಾರು 1.73 ಪಟ್ಟು, ಅಂದರೆ 13 ಆಂಪಿಯರ್ ಹರಿಯುತ್ತದೆ. ಶಾಖ ಕರೆಂಟಿನ ವರ್ಗದಂತೆ ಏರುವುದರಿಂದ ಆ ಸುರುಳಿಗಳಲ್ಲಿ ಮೂರು ಪಟ್ಟು ಬಿಸಿ. ರಾತ್ರಿ ಪಾಳಿಯಲ್ಲಿ ಯಾರೂ ಹತ್ತಿರವಿಲ್ಲದಾಗ ಹೀಗಾದರೆ ಬೆಳಗಿನ ಹೊತ್ತಿಗೆ ವಾರ್ನಿಷಿನ ವಾಸನೆಯೇ ಸುದ್ದಿ ಹೇಳುತ್ತದೆ.

ಫೇಸ್ ಎಲ್ಲಿ ಹೋಗಿದೆ ಎಂದು ತಿಳಿಯಲು ಮೆಕ್ಯಾನಿಕ್ಕಿಗೆ ಮೂರು ಮಾಮೂಲಿ ಬಲ್ಬು ಸಾಕು. ಪ್ರತಿ ಫೇಸಿಗೂ ನ್ಯೂಟ್ರಲ್ಲಿಗೂ ನಡುವೆ ಒಂದೊಂದು ಹಚ್ಚಿ ನೋಡಬೇಕು. ಎರಡು ಪ್ರಕಾಶವಾಗಿ ಉರಿದು ಒಂದು ಪೂರ್ತಿ ಆರಿದ್ದರೆ, ಕಡಿದಿರುವುದು ಟಿಸಿಯ ಈಚೆ, ಕಡಿಮೆ ವೋಲ್ಟಿನ ಕಡೆ: ಫ್ಯೂಸು, ಜಂಪರ್, ಇಲ್ಲವೇ ಕಂಬದ ಮೇಲಿನ ಜಾಯಿಂಟು. ಒಂದು ಚೆನ್ನಾಗಿ ಉರಿದು ಎರಡು ಮಂಕಾಗಿ ಉರಿದರೆ, ಕಡಿದಿರುವುದು ಟಿಸಿಯ ಆಚೆ, 11 ಕಿಲೋವೋಲ್ಟಿನ ಕಡೆ. ಹೊಲದ ಟಿಸಿಗಳಲ್ಲಿ ಮೇಲಿನ ಸುತ್ತು ಡೆಲ್ಟಾ, ಕೆಳಗಿನದು ಸ್ಟಾರ್. ಮೇಲೊಂದು ಲೈನು ಹೋದರೆ ಒಂದು ಸುರುಳಿಗೆ ಪೂರ್ತಿ ವೋಲ್ಟೇಜು ಸಿಗುತ್ತದೆ, ಉಳಿದೆರಡು ಒಂದರ ಹಿಂದೊಂದು ಕೂತು ಅರ್ಧರ್ಧ ಹಂಚಿಕೊಳ್ಳುತ್ತವೆ. ಆಗ ಕೆಳಗೆ 240, 120, 120. ಫೇಸ್ ಫೇಸಿನ ನಡುವೆ ಅಳೆದರೆ ಎರಡು ಕಡೆ ಸುಮಾರು 360, ಮಂಕಾದ ಎರಡರ ನಡುವೆ ಸೊನ್ನೆ. ಈ ಗುರುತು ಗೊತ್ತಿದ್ದವನು ಕಂಬ ಹತ್ತದೆ, ಡಬ್ಬಿ ಬಿಚ್ಚದೆ, ‘ಮೇಲಿನ ಫ್ಯೂಜ್ ಹೋಗ್ಯಾದ, ಲೈನ್‌ಮನ್ನಿಗೆ ಹೇಳ್ರಿ’ ಎಂದು ಹೇಳಬಲ್ಲ. ಆ ಫ್ಯೂಸನ್ನು ಮುಟ್ಟುವ ಅಧಿಕಾರವೂ ಲೈನ್‌ಮನ್ನಿನದೇ. ರೈತರೇ ಹತ್ತಿ ತಂತಿ ಕಟ್ಟಲು ಹೋಗಿ ಸತ್ತ ಸುದ್ದಿಗಳು ರಾಜ್ಯದ ಪತ್ರಿಕೆಗಳಲ್ಲಿ ಅಪರೂಪವಲ್ಲ.

ಬಲ್ಬಿನ ಪರೀಕ್ಷೆಗೂ ಒಂದು ಷರತ್ತಿದೆ. ಆ ಟಿಸಿಯ ಮೇಲಿನ ಮೋಟರುಗಳೆಲ್ಲ ನಿಂತಿರಬೇಕು. ಎರಡು ಫೇಸಿನ ಮೇಲೆ ಓಡುತ್ತಿರುವ ಮೋಟರು ಮೂರನೆಯ ಫೇಸನ್ನು ತಾನೇ ಹುಟ್ಟಿಸಿ ಲೈನಿಗೆ ಹಿಂದಿರುಗಿಸುತ್ತದೆ. ಹಾಗಾಗಿ ಇಲ್ಲದ ಫೇಸಿನಲ್ಲೂ ಬಲ್ಬು ಬಹುಮಟ್ಟಿಗೆ ಉರಿಯುತ್ತದೆ, ಮೀಟರೂ ಮೋಸ ಹೋಗುತ್ತದೆ. ಫೇಸ್ ಹೋದರೆ ಮೋಟರನ್ನು ನಿಲ್ಲಿಸಬೇಕಾದ ಅಗ್ಗದ ಸಿಂಗಲ್ ಫೇಸಿಂಗ್ ಪ್ರಿವೆಂಟರುಗಳು ಸೋಲುವುದೂ ಇಲ್ಲೇ. ಅವು ವೋಲ್ಟೇಜನ್ನಷ್ಟೇ ನೋಡುತ್ತವೆ. ಮೂರೂ ತಂತಿಗಳ ಕರೆಂಟನ್ನು ನೋಡುವ ಪ್ರಿವೆಂಟರಿಗೆ ಈ ಮೋಸ ನಡೆಯುವುದಿಲ್ಲ. ಬೆಲೆ ಹೆಚ್ಚು ಎಂದು ಅದನ್ನು ಬಿಟ್ಟವರು ಒಂದು ರಿವೈಂಡಿಂಗಿನ ಬಿಲ್ಲನ್ನು ಅದರ ಪಕ್ಕದಲ್ಲಿಟ್ಟು ನೋಡಬೇಕು.

ಪ್ರಿವೆಂಟರಿಗೆ ಪೂರ್ತಿ ವಿರುದ್ಧವಾದ ಉಪಾಯವೂ ಹೊಲಗಳಲ್ಲಿದೆ. ಮೂರು ಫೇಸ್ ಇಲ್ಲದ ತಾಸುಗಳಲ್ಲಿ, ಕಡಿದ ಫೇಸಿನ ಜಾಗಕ್ಕೆ ಕಂಡೆನ್ಸರ್ (ಕೆಪಾಸಿಟರ್) ಜೋಡಿಸಿ ಎರಡೇ ಫೇಸಿನಲ್ಲಿ ಮೋಟರ್ ಎಬ್ಬಿಸುವುದು. ಪ್ರಿವೆಂಟರನ್ನು ಮೊದಲು ಬೈಪಾಸ್ ಮಾಡದೆ ಇದು ಸಾಧ್ಯವಿಲ್ಲ. ಮೋಟರು ಏಳುತ್ತದೆ, ನೀರೂ ಬರುತ್ತದೆ. ಮನೆಯ ದೀಪಕ್ಕೆಂದು ಬಿಟ್ಟ ಲೈನು ಬಸವಳಿಯುತ್ತದೆ, ಊರಿನ ವೋಲ್ಟೇಜು ಕುಸಿಯುತ್ತದೆ. ಕೃಷಿ ಲೈನನ್ನೂ ಮನೆಗಳ ಲೈನನ್ನೂ ಬೇರ್ಪಡಿಸುವ ನಿರಂತರ ಜ್ಯೋತಿ ಯೋಜನೆ ರಾಜ್ಯದಲ್ಲಿ ಬಂದುದಕ್ಕೆ ಇಂಥ ಬಳಕೆಯೂ ಒಂದು ಕಾರಣ.

ಫೇಸ್ ಹೋಗದೆ, ಬರೀ ಅದಲುಬದಲಾಗಿದ್ದರೂ ತೊಂದರೆಯೇ. ಸುಟ್ಟ ಟಿಸಿ ಬದಲಿಸಿದ ಮರುದಿನ ಆ ಟಿಸಿಯ ರೈತರೆಲ್ಲ ‘ನೀರು ಕಡಿಮೆ ಬರ್ತದ’ ಎಂದು ಅಂಗಡಿಗೆ ಬಂದರೆ ಮೆಕ್ಯಾನಿಕ್ಕು ನಗುತ್ತಾನೆ. ಜೋಡಿಸುವಾಗ ಎರಡು ತಂತಿ ಬದಲಾಗಿ ಮೋಟರುಗಳೆಲ್ಲ ಹಿಂದುಮುಂದಾಗಿ ತಿರುಗುತ್ತಿರುತ್ತವೆ. ಯಾವುದಾದರೂ ಎರಡು ಫೇಸನ್ನು ಅದಲುಬದಲು ಮಾಡಿದರೆ ಮುಗಿಯಿತು. ಬೋರಿನೊಳಗಿನ ಮೋಟರು ಯಾವ ಕಡೆ ತಿರುಗುತ್ತಿದೆ ಎಂದು ಕಣ್ಣಿಗೆ ಕಾಣದ ಕಾರಣ, ಪಂಪೇ ಸವೆದಿದೆ ಎಂದು ಅದನ್ನು ಮೇಲೆತ್ತಿಸಿದವರೂ ಉಂಟು.

ಕಾಯಿಲ್, ಇರುವೆ, ಕೆಂಧೂಳು

ವೋಲ್ಟೇಜು ಹೆಚ್ಚಾದರೆ ಕಾಯಿಲ್ ಸುಡುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹೊಲದಲ್ಲಿ ಹೆಚ್ಚು ಸುಡುವುದು ಕಡಿಮೆಯಾದಾಗ. ಎ.ಸಿ. ಕಾಯಿಲ್ಲಿನ ಎದುರಿನ ಕಬ್ಬಿಣ ಪೂರ್ತಿ ಅಂಟಿಕೊಂಡರೆ ಮಾತ್ರ ಅದರ ಕರೆಂಟು ತಗ್ಗುತ್ತದೆ. ಎಳೆತ ಸಾಲದೆ ಕಬ್ಬಿಣ ಅರ್ಧ ದಾರಿಯಲ್ಲಿ ನಿಂತರೆ ಕಾಯಿಲ್ ಸಾಮಾನ್ಯಕ್ಕಿಂತ ಎಷ್ಟೋ ಪಟ್ಟು ಕರೆಂಟು ಎಳೆದು ನಿಮಿಷಗಳಲ್ಲಿ ಕಪ್ಪಾಗುತ್ತದೆ. ಅದಕ್ಕೇ ಹಳ್ಳಿಗಾಡಿಗೆಂದು ಕಡಿಮೆ ವೋಲ್ಟಿನಲ್ಲೂ ಎಳೆಯುವ ಕಾಯಿಲ್ಲುಗಳು ಪ್ರತ್ಯೇಕವಾಗಿ ಸಿಗುತ್ತವೆ. ಡಬ್ಬಿ ಟಕಟಕ ಬಡಿದುಕೊಳ್ಳುತ್ತಿದ್ದರೆ ಮೊದಲು ವೋಲ್ಟೇಜು ನೋಡಬೇಕು, ಆಮೇಲೆ ಕಾಯಿಲ್.

ವೋಲ್ಟೇಜು ಸರಿಯಿದ್ದೂ ಡಬ್ಬಿ ಜೀರುಂಡೆಯಂತೆ ಕಿರಿಗುಟ್ಟಿದರೆ ನೋಡಬೇಕಾದುದು ಕಬ್ಬಿಣದ ಮುಖದಲ್ಲಿ ಹುದುಗಿರುವ ತಾಮ್ರದ ಸಣ್ಣ ಬಳೆ. 50 ಆವರ್ತದ ಕರೆಂಟಿನಲ್ಲಿ ಅಯಸ್ಕಾಂತದ ಬಲ ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುತ್ತದೆ. ಆ ಕ್ಷಣಗಳಲ್ಲಿ ಕಬ್ಬಿಣ ಕಳಚದಂತೆ ಹಿಡಿದಿಡುವುದು ಈ ಬಳೆಯಲ್ಲಿ ತಡವಾಗಿ ಹುಟ್ಟುವ ಬಲ. ಬಳೆ ಸೀಳಿದರೆ ಕಾಯಿಲ್ ಎಷ್ಟು ಬದಲಿಸಿದರೂ ಸದ್ದು ನಿಲ್ಲುವುದಿಲ್ಲ. ಉಗುರಿನಷ್ಟು ಅಗಲದ ಈ ತಾಮ್ರಕ್ಕಾಗಿ ಪೂರ್ತಿ ಸ್ಟಾರ್ಟರನ್ನೇ ಗುಜರಿಗೆ ಹಾಕಿದ್ದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಇನ್ನು ಇರುವೆ. ಬೆಚ್ಚಗಿನ, ಒಣಗಿದ, ಕತ್ತಲೆಯ ಜಾಗ ಬೇಕೆನ್ನುವ ಇರುವೆಗೆ ಸ್ಟಾರ್ಟರ್ ಡಬ್ಬಿ ಅರಮನೆ. ಪಾಯಿಂಟುಗಳ ನಡುವೆ ಸಿಕ್ಕಿ ಸತ್ತರೆ ಅದರ ದೇಹವೇ ಅಲ್ಲಿ ಕಾಗದದಂತೆ ಅಡ್ಡ ಬರುತ್ತದೆ. ಕೆಲವು ಜಾತಿಯ ಇರುವೆಗಳು ಸಾಯುವಾಗ ಬಿಡುವ ವಾಸನೆಗೆ ಉಳಿದವೂ ಧಾವಿಸಿ ಬಂದು ಸಾಯುತ್ತವೆ. ಒಂದು ಫೇಸಿನ ಪಾಯಿಂಟಿನಲ್ಲಿ ಇರುವೆಯ ರಾಶಿ ಕೂತರೆ ಮೋಟರಿಗೆ ಹೋಗುವುದು ಎರಡೇ ಫೇಸ್. ಫೇಸ್ ಟಿಸಿಯಲ್ಲೇ ಹೋಗಬೇಕೆಂದಿಲ್ಲ, ಡಬ್ಬಿಯೊಳಗೂ ಹೋಗಬಹುದು. ಕೇಬಲ್ ಬರುವ ತೂತುಗಳಿಗೆ ರಬ್ಬರಿನ ಗ್ರೊಮೆಟ್ ಹಾಕಿ ಮುಚ್ಚುವುದೇ ಪರಿಹಾರ. ಪಾಯಿಂಟುಗಳ ಮೇಲೆ ಸೀಮೆಎಣ್ಣೆ, ಎಂಜಿನ್ ಆಯಿಲ್ ಸವರುವ ರೂಢಿ ಕೆಟ್ಟದ್ದು. ಎಣ್ಣೆಗೆ ಧೂಳು ಅಂಟಿ ಕಿಡಿಗೆ ಇಂಗಾಲವಾಗುತ್ತದೆ. ಹಲ್ಲಿಯೂ ಬರುತ್ತದೆ, ಆದರೆ ಅದರ ಕಥೆ ಚಿಕ್ಕದು: ಎರಡು ಫೇಸನ್ನು ಒಟ್ಟಿಗೆ ಮುಟ್ಟಿದರೆ ಢಮ್ ಎಂದು ಮುಗಿಯುತ್ತದೆ.

ಸಂಡೂರಿನ ಕಡೆಯ ಡಬ್ಬಿ ತೆರೆದರೆ ಒಳಗೆಲ್ಲ ಕುಂಕುಮ ಚೆಲ್ಲಿದಂತಿರುತ್ತದೆ. ಅಲ್ಲಿನ ಅದಿರು ಬಹುಪಾಲು ಹೆಮಟೈಟ್. ದೋಣಿಮಲೆಯಲ್ಲಿ ಎನ್‌ಎಂಡಿಸಿಯ ಗಣಿ 1977ರಲ್ಲಿ ಆರಂಭವಾಯಿತು. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಗೆ ತಡೆ ಒಡ್ಡುವವರೆಗೆ ಅದಿರಿನ ಲಾರಿಗಳ ಸಾಲು ಈ ರಸ್ತೆಗಳ ಖಾಯಂ ನೋಟವಾಗಿತ್ತು. ಕಬ್ಬಿಣದ ಅದಿರಾದ್ದರಿಂದ ಧೂಳು ಕಾಯಿಲ್ಲಿಗೆ ಅಯಸ್ಕಾಂತದಿಂದ ಅಂಟುತ್ತದೆ ಎಂದು ಅನೇಕರ ನಂಬಿಕೆ. ಹೆಮಟೈಟಿಗೆ ಅಂಥ ಸೆಳೆತ ತೀರಾ ಕಡಿಮೆ. ಅದು ಮಾಡುವ ಹಾನಿ ಬೇರೆ ಬಗೆಯದು: ಕಬ್ಬಿಣದ ಮುಖಗಳ ನಡುವೆ ಪದರವಾಗಿ ಕೂತು ಅವು ಅಂಟದಂತೆ ಮಾಡುತ್ತದೆ, ಮಳೆಗಾಲದ ತೇವ ಹೀರಿ ಎಲೆಕ್ಟ್ರಾನಿಕ್ ಬೋರ್ಡಿನ ಮೇಲೆ ಸೋರಿಕೆಯ ದಾರಿ ಮಾಡಿಕೊಡುತ್ತದೆ. ಒಣ ಬ್ರಷ್ ಮತ್ತು ಗಾಳಿ ಊದುವ ಬ್ಲೋಯರ್ ಇದಕ್ಕೆ ಮದ್ದು. ಪಾಯಿಂಟುಗಳನ್ನು ಒರಟು ಅರದಿಂದ ಉಜ್ಜಬಾರದು. ಮೇಲಿರುವುದು ಬೆಳ್ಳಿಯ ಮಿಶ್ರಲೋಹದ ತೆಳು ಗುಂಡಿ, ಅದು ಹೋದರೆ ಉಳಿಯುವುದು ಬರೀ ತಾಮ್ರ ಅಥವಾ ಹಿತ್ತಾಳೆ.

ಬೋರ್ಡು

ಪ್ರಿವೆಂಟರ್, ನೀರು ಇಲ್ಲದಾಗ ನಿಲ್ಲಿಸುವ ಡ್ರೈ-ರನ್ ಸಾಧನ, ಟೈಮರ್, ಆಟೋ ಸ್ವಿಚ್ಚು, ಇವೆಲ್ಲ ಎಲೆಕ್ಟ್ರಾನಿಕ್ ಬೋರ್ಡುಗಳು. ಹೆಸರು ಬೇರೆಯಾದರೂ ಒಳಗಿನ ಸಂಸಾರ ಹೆಚ್ಚುಕಡಿಮೆ ಒಂದೇ. ವೋಲ್ಟೇಜು ಇಳಿಸುವ ಪುಟ್ಟ ಟ್ರಾನ್ಸ್‌ಫಾರ್ಮರ್, ನಾಲ್ಕು ಡಯೋಡು, ಒಂದು ದಪ್ಪ ಕೆಪಾಸಿಟರ್, 7812 ರೆಗ್ಯುಲೇಟರ್, ಹೋಲಿಸಿ ತೀರ್ಮಾನಿಸುವ ಐಸಿ, ಅದರ ಮಾತು ಕೇಳಿ ರಿಲೇ ಎಳೆಯುವ ಬಿಸಿ547 ಟ್ರಾನ್ಸಿಸ್ಟರ್, ಕೊನೆಗೆ 12 ವೋಲ್ಟಿನ ರಿಲೇ. ಬಿಡಿಭಾಗಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ, ಪಂಪು, ಮೋಟರು, ಸ್ಟಾರ್ಟರುಗಳ ದೊಡ್ಡ ತವರು ಕೊಯಮತ್ತೂರು.

ದೋಷ ಹುಡುಕುವ ಕ್ರಮವೂ ಈ ಸಾಲಿನಲ್ಲೇ ಸಾಗುತ್ತದೆ. ಕೆಪಾಸಿಟರಿನ ಎರಡು ತುದಿಗಳಲ್ಲಿ ಡಿ.ಸಿ. ಇದೆಯೇ? ಇಲ್ಲದಿದ್ದರೆ ಹಿಂದೆ ನೋಡಬೇಕು: ಟ್ರಾನ್ಸ್‌ಫಾರ್ಮರಿನ ಸುತ್ತು ಕಡಿದಿರಬಹುದು. ಟಿಸಿಯ ನ್ಯೂಟ್ರಲ್ ಕಳಚಿದ ದಿನ ಒಂದು ಫೇಸಿನ ವೋಲ್ಟೇಜು ಕೆಳಗಿಳಿದು ಇನ್ನೊಂದರದು 350 ದಾಟಬಹುದು. ಆಗ ಫೇಸ್-ನ್ಯೂಟ್ರಲ್ ಮೇಲೆ ನಡೆಯುವ ಬೋರ್ಡುಗಳು ಸಾಲಾಗಿ ಸಾಯುತ್ತವೆ. ಕೆಪಾಸಿಟರಿನಲ್ಲಿ ಡಿ.ಸಿ. ಇದ್ದರೆ ಮುಂದೆ ನೋಡಬೇಕು. ರೆಗ್ಯುಲೇಟರಿನಿಂದ 12 ಬರುತ್ತಿದೆಯೇ, ಐಸಿಯ ಕಾಲಿನಲ್ಲಿ ಹೌದು-ಅಲ್ಲದ ತೀರ್ಪು ಬದಲಾಗುತ್ತಿದೆಯೇ, ಆ ತೀರ್ಪು ಟ್ರಾನ್ಸಿಸ್ಟರನ್ನು ಮುಟ್ಟುತ್ತಿದೆಯೇ. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ, ಬಿಸಿಲಿಗೆ ನಿಂತ ತಗಡಿನ ಪೆಟ್ಟಿಗೆಯೊಳಗೆ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಒಳಗೊಳಗೇ ಒಣಗುತ್ತದೆ, ನೆತ್ತಿ ಉಬ್ಬುತ್ತದೆ. ಬೋರ್ಡು ಬೆಳಿಗ್ಗೆ ಸರಿ, ಮಧ್ಯಾಹ್ನ ತಪ್ಪು ಎಂದು ಕಾಡಿಸಿದರೆ ಅನುಮಾನ ಮೊದಲು ಅದರ ಮೇಲೆ, ಆಮೇಲೆ ಬಿರುಕು ಬಿಟ್ಟ ಬೆಸುಗೆಯ ಮೇಲೆ. ಮೋಟರಿನ ಕಂಪನಕ್ಕೆ ರಿಲೇಯ ಕಾಲುಗಳ ಸುತ್ತ ಕೂದಲೆಳೆಯ ವರ್ತುಲ ಸೀಳು ಬೀಳುತ್ತದೆ. ಬರಿಗಣ್ಣಿಗೆ ಕಾಣದಿದ್ದರೂ ಬೆಸುಗೆ ಕಡ್ಡಿ ಮುಟ್ಟಿಸಿದರೆ ಬೋರ್ಡು ಬದುಕುತ್ತದೆ. ಮುಂಗಾರಿಗೆ ಮೊದಲಿನ ಗುಡುಗು-ಸಿಡಿಲಿನ ವಾರಗಳಲ್ಲಿ ಅಂಗಡಿಗೆ ಬರುವ ಬೋರ್ಡುಗಳಲ್ಲಿ ನೀಲಿ ಬಿಲ್ಲೆಯಂಥ ವೇರಿಸ್ಟರ್ ಸಿಡಿದಿರುತ್ತದೆ. ಅದು ತಾನು ಸತ್ತು ಉಳಿದವನ್ನು ಉಳಿಸಿರುತ್ತದೆ. ಅದನ್ನು ಕಿತ್ತೆಸೆದು ಬೋರ್ಡು ನಡೆಯಿತೆಂದು ಹಾಗೇ ಕೊಟ್ಟು ಕಳಿಸುವವರಿದ್ದಾರೆ. ಮುಂದಿನ ಸಿಡಿಲಿಗೆ ಐಸಿಯೇ ಬಲಿ.

ಟ್ರಾನ್ಸಿಸ್ಟರ್ ಶಾರ್ಟ್ ಆದರೆ ರಿಲೇ ಹಿಡಿದದ್ದು ಬಿಡುವುದಿಲ್ಲ. ಹೊಸದು ಹಾಕುವ ಮೊದಲು ರಿಲೇ ಕಾಯಿಲ್ಲಿಗೆ ಅಡ್ಡಲಾಗಿರುವ ಡಯೋಡನ್ನು ಪರೀಕ್ಷಿಸಲೇಬೇಕು. ಕಾಯಿಲ್ಲಿನ ಕರೆಂಟು ಕಡಿದಾಗ ಏಳುವ ವೋಲ್ಟೇಜಿನ ಹೊಡೆತವನ್ನು ನುಂಗುವುದು ಅದೇ. ಅದು ಸತ್ತಿದ್ದರೆ ಹೊಸ ಟ್ರಾನ್ಸಿಸ್ಟರೂ ಮೊದಲ ಸಲ ಬಿಡುವಾಗಲೇ ಸಾಯುತ್ತದೆ. ಕಾಯಿಲ್, ಸ್ಪ್ರಿಂಗು, ಪಾಯಿಂಟು, ಟ್ರಾನ್ಸಿಸ್ಟರ್‌ಗಳ ಈ ಕುಟುಂಬ ಲೋಕದಲ್ಲೆಲ್ಲ ಹರಡಿದೆ. ಅಮೆರಿಕದ ಪಿನ್‌ಬಾಲ್ ಆಟದ ಯಂತ್ರದಲ್ಲೂ ಇರುವುದು ಇವೇ. ಚಿಕಾಗೋದ ಗಾಟ್ಲೀಬ್ ಕಂಪನಿ 1947ರ ‘ಹಂಪ್ಟಿ ಡಂಪ್ಟಿ’ ಯಂತ್ರದಲ್ಲಿ ಗುಂಡನ್ನು ಹೊಡೆಯುವ ರೆಕ್ಕೆಗಳನ್ನು ಕಾಯಿಲ್ಲಿನಿಂದ ಆಡಿಸಿತು. 1970ರ ದಶಕದ ಕೊನೆಯಲ್ಲಿ ಆ ಕಾಯಿಲ್ಲುಗಳ ಲಗಾಮು ಟ್ರಾನ್ಸಿಸ್ಟರಿನ ಕೈಗೆ ಹೋಯಿತು. ಅಲ್ಲಿಯೂ ಟ್ರಾನ್ಸಿಸ್ಟರ್ ಶಾರ್ಟ್ ಆದರೆ ಕಾಯಿಲ್ ಹಿಡಿದೇ ಉಳಿದು ಹೊಗೆಯೇಳುತ್ತದೆ. ಅಲ್ಲಿನ ಮೆಕ್ಯಾನಿಕ್ಕು ಕಂಪ್ಲಿಯ ಅಂಗಡಿಯಲ್ಲಿ ಕೂತರೆ ಒಂದು ವಾರದಲ್ಲಿ ಕೈ ಕುದುರೀತು. ಭಯ ಕಲಿಯಲು ಮಾತ್ರ ತಡವಾದೀತು, 415 ವೋಲ್ಟ್ ಆಟದ ಸಾಮಾನಲ್ಲ.

ಡ್ರೈ-ರನ್ ಬೋರ್ಡು ಮತ್ತೆ ಮತ್ತೆ ಮೋಟರ್ ನಿಲ್ಲಿಸಿದರೆ ಬೋರ್ಡನ್ನು ಬೈಯುವುದು ರೂಢಿ. ಅದು ನೋಡುವುದು ಕರೆಂಟು ಇಳಿದಿದೆಯೇ ಎಂದು. ಪಂಪು ನೀರೆತ್ತದಿದ್ದರೆ ಹೊರೆ ಇಲ್ಲದ ಮೋಟರು ಕಡಿಮೆ ಎಳೆಯುತ್ತದೆ. ಹೊಳೆ ದಂಡೆಯ ಪಂಪಿನಲ್ಲಿ ಫುಟ್‌ವಾಲ್ವಿಗೆ ಕಸ ಸಿಕ್ಕಿ ನೀರು ಇಳಿದುಹೋಗಿದ್ದರೂ ಬೋರ್ಡು ನಿಲ್ಲಿಸುತ್ತದೆ. ಆಗ ಬೋರ್ಡು ಹೇಳುತ್ತಿರುವುದು ನಿಜವೇ.

ಸಂಡೂರಿನ ಬೋರುಗಳಲ್ಲಿ ದುಡ್ಡಿನ ಪ್ರಶ್ನೆ ಬೇರೆ. ಮೋಟರ್ ಮೇಲೆತ್ತಲು ಗಾಡಿ, ಕೂಲಿ, ಒಂದು ದಿನ ಬೇಕು. ದೋಷ ನೆಲದ ಮೇಲಿದೆಯೋ ಕೆಳಗಿದೆಯೋ ಎಂದು ಡಬ್ಬಿಯಲ್ಲೇ ಹೇಳಬಲ್ಲವನು ರೈತನಿಗೆ ನಿಜವಾದ ಉಪಕಾರ ಮಾಡುತ್ತಾನೆ. ಮೇನ್ ತೆಗೆದು, ಕೇಬಲ್ಲಿನ ಮೂರು ತಂತಿ ಬಿಡಿಸಿ, ಎರಡೆರಡರ ನಡುವಿನ ರೋಧವನ್ನು ಅಳೆಯಬೇಕು. ಮೂರೂ ಸಮವಿದ್ದು, ಇನ್ಸುಲೇಷನ್ ಅಳೆಯುವ ಮೆಗ್ಗರಿನಲ್ಲಿ ತಂತಿಗೂ ನೆಲಕ್ಕೂ ನಡುವೆ 1 ಮೆಗಾಓಮಿಗಿಂತ ಹೆಚ್ಚಿದ್ದರೆ ಮೋಟರನ್ನು ಎತ್ತಿಸುವ ಮೊದಲು ಡಬ್ಬಿಯನ್ನು ಮತ್ತೆ ನೋಡಬೇಕು. ಒಂದು ತಂತಿಗೆ ಮಾತ್ರ ದಾರಿಯೇ ಇಲ್ಲದಿದ್ದರೆ ನೀರಿನೊಳಗಿನ ಕೇಬಲ್ ಜಾಯಿಂಟ್ ಬಿಟ್ಟಿರುವ ಸಂಭವ ಹೆಚ್ಚು.

ಆಟೋ ಮತ್ತು ಮೊಬೈಲ್

ಕರೆಂಟು ಬಂದ ಕೂಡಲೇ ಮೋಟರನ್ನು ತಾನೇ ಹಚ್ಚುವ ಆಟೋ ಸ್ವಿಚ್ಚು ರಾತ್ರಿ ನಿದ್ದೆ ಉಳಿಸಿದ ಸಾಧನ. ಅದರ ಕಷ್ಟ ಒಂಟಿಯಾಗಿ ಕಾಣುವುದಿಲ್ಲ. ಒಂದು ಟಿಸಿಯ ಮೇಲಿನ ಎಲ್ಲ ಡಬ್ಬಿಗಳಲ್ಲೂ ಆಟೋ ಇದ್ದರೆ, ಕರೆಂಟು ಬಂದ ಕ್ಷಣ ಎಲ್ಲವೂ ಒಟ್ಟಿಗೆ ಆರಾರು ಪಟ್ಟು ಎಳೆಯುತ್ತವೆ. ವೋಲ್ಟೇಜು ಕುಸಿದು ಯಾವ ಕಾಯಿಲ್ಲೂ ಪೂರ್ತಿ ಹಿಡಿಯದೆ ಎಲ್ಲ ಬಡಿದುಕೊಳ್ಳುತ್ತವೆ, ಫ್ಯೂಸು ಹಾರುತ್ತದೆ, ಟಿಸಿಯೇ ಸುಟ್ಟರೂ ಅಚ್ಚರಿಯಿಲ್ಲ. ಆಟೋದಲ್ಲಿ ತಡ ಹೊಂದಿಸುವ ತಿರುಪಿದೆ. ಪಕ್ಕದ ಹೊಲದವರು ಮಾತಾಡಿಕೊಂಡು ಒಬ್ಬರು ಅರ್ಧ ನಿಮಿಷ, ಇನ್ನೊಬ್ಬರು ಒಂದು, ಮತ್ತೊಬ್ಬರು ಎರಡು ನಿಮಿಷಕ್ಕೆ ತಿರುಗಿಸಿಕೊಂಡರೆ ಸಾಕು. ಮೆಕ್ಯಾನಿಕ್ಕು ಮಾಡಬಹುದಾದ ಅತಿ ಅಗ್ಗದ ದುರಸ್ತಿ ಇದು, ಮತ್ತು ಅತಿ ಅಪರೂಪದ್ದು.

ಮೊಬೈಲ್ ಸ್ಟಾರ್ಟರ್ ಅದರ ಮುಂದಿನ ತಲೆಮಾರು. ಪುಣೆಯ ‘ನ್ಯಾನೋ ಗಣೇಶ್’ ಈ ಬಗೆಯ ಮೊದಲ ಸಾಧನಗಳಲ್ಲಿ ಒಂದು. ಈಗ ಅನೇಕ ಕಂಪನಿಗಳವು ಸಿಗುತ್ತವೆ. ಡಬ್ಬಿಯೊಳಗೊಂದು ಸಿಮ್ ಇರುತ್ತದೆ, ಮನೆಯಿಂದ ಕರೆ ಮಾಡಿ ಅಂಕಿ ಒತ್ತಿದರೆ ಮೋಟರು ಏಳುತ್ತದೆ. ‘ಕೆಟ್ಟಿದೆ’ ಎಂದು ಬರುವ ಇಂಥ ಡಬ್ಬಿಯಲ್ಲಿ ಮೊದಲು ನೋಡಬೇಕಾದುದು ರೀಚಾರ್ಜ್ ಮುಗಿದಿದೆಯೇ ಎಂದು. ಎರಡನೆಯದು ಸಿಮ್ ಯಾವುದು ಎಂದು. ಹಳೆಯ ಮಾಡ್ಯೂಲುಗಳಿಗೆ 2ಜಿ ಬೇಕು, ಜಿಯೋ ಜಾಲದಲ್ಲಿ 2ಜಿ ಇಲ್ಲ. ಇವೆರಡೂ ಸರಿಯಿದ್ದು ಸಾಧನ ಕರೆ ಬಂದಾಗಲೇ ಆರಿ ಹತ್ತುತ್ತಿದ್ದರೆ ತಪ್ಪು ಪವರ್ ಸಪ್ಲೈಯದು. ಜಿಎಸ್ಎಂ ಮಾಡ್ಯೂಲು ಸಂಕೇತ ಕಳಿಸುವ ಕ್ಷಣದಲ್ಲಿ 2 ಆಂಪಿಯರಿನಷ್ಟು ಎಳೆಯುತ್ತದೆ, ಒಣಗಿದ ಕೆಪಾಸಿಟರ್ ಅಷ್ಟನ್ನು ಕೊಡಲಾರದು.

ನೆರೆ

ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟರೆ ಹಂಪಿಯಲ್ಲಿ ಪುರಂದರ ಮಂಟಪ ಮುಳುಗುತ್ತದೆ, ಕಂಪ್ಲಿಯ ಸೇತುವೆಯ ಮೇಲೆ ನೀರು ಹರಿದು ಗಂಗಾವತಿಯ ದಾರಿ ನಿಲ್ಲುತ್ತದೆ. 2019ರ ಆಗಸ್ಟಿನಲ್ಲಿ ಹೀಗಾಯಿತು. 2024ರ ಆಗಸ್ಟ್ 10ರ ರಾತ್ರಿ 33 ಕ್ರಸ್ಟ್ ಗೇಟುಗಳ ಪೈಕಿ 19ನೆಯದರ ಚೈನು ತುಂಡಾಗಿ ಗೇಟೇ ಕೊಚ್ಚಿಹೋದಾಗ, ಹೊಳೆಸಾಲಿನ ಊರುಗಳಿಗೆ ಎಚ್ಚರಿಕೆ ಹೋಯಿತು. ಇಂಥ ಹೊತ್ತಿನಲ್ಲಿ ದಂಡೆಯ ಮೋಟರುಗಳನ್ನು ಬಿಚ್ಚಿ ಮೇಲೆ ಸಾಗಿಸುತ್ತಾರೆ. ಕತ್ತಲಲ್ಲಿ ಅವಸರದಲ್ಲಿ ತಂತಿ ಕತ್ತರಿಸಿ ಒಯ್ದ ಮೋಟರನ್ನು ಮತ್ತೆ ಜೋಡಿಸುವಾಗ ಫೇಸ್ ಅದಲುಬದಲಾಗುವುದು ನಿಶ್ಚಿತ ಎಂದೇ ಇಟ್ಟುಕೊಳ್ಳಬಹುದು. ಕೇಬಲ್ಲಿಗೆ ಕೆಂಪು, ಹಳದಿ, ನೀಲಿ ಟೇಪು ಸುತ್ತಿ ಬಿಚ್ಚಿದರೆ ಆ ರಗಳೆ ಇಲ್ಲ.

ನೆರೆಯಲ್ಲಿ ಮುಳುಗಿದ ಮೋಟರನ್ನು ಒಣಗಿಸುವ ಮುನ್ನ ತೊಳೆಯಬೇಕು. ಇದು ಹಲವರಿಗೆ ವಿಚಿತ್ರವಾಗಿ ಕಾಣುತ್ತದೆ. ಕೆಸರು ಒಣಗಿದರೆ ಸುತ್ತುಗಳ ನಡುವೆ ಗಟ್ಟಿಯಾಗಿ ಕೂತು ಮುಂದಿನ ತೇವವನ್ನು ಹಿಡಿದಿಡುತ್ತದೆ. ಶುದ್ಧ ನೀರಿನಲ್ಲಿ ತೊಳೆದು, ಬೇರಿಂಗಿನ ಗ್ರೀಸು ಬದಲಿಸಿ, ಬಿಸಿಲಿನಲ್ಲೂ ಒಳಗೆ ಬಲ್ಬು ಇಟ್ಟೂ ದಿನಗಟ್ಟಲೆ ಒಣಗಿಸಿ, ಮೆಗ್ಗರಿನ ಮುಳ್ಳು 1 ಮೆಗಾಓಮ್ ದಾಟಿದ ಮೇಲಷ್ಟೇ ಕರೆಂಟು ಕೊಡಬೇಕು. ಬೋರ್ಡುಗಳಿಗೂ ಇದೇ ಮಾತು. ಅವುಗಳ ರಿಲೇಯೊಳಗೆ ಹೊಕ್ಕ ಕೆಸರನ್ನು ಮಾತ್ರ ತೆಗೆಯಲಾಗದು, ರಿಲೇ ಬದಲಿಸಬೇಕು. ಡಬ್ಬಿಯಲ್ಲಿ ಪವರ್ ಕೆಪಾಸಿಟರ್ ಇದ್ದರೆ ಮೇನ್ ತೆಗೆದ ಮೇಲೂ ಅದರಲ್ಲಿ ಕರೆಂಟು ಉಳಿದಿರುತ್ತದೆ. ಬಲ್ಬಿನ ಮೂಲಕ ಇಳಿಸದೆ ಕೈ ಹಾಕಬಾರದು.

ಸುಟ್ಟ ಸುತ್ತಿನ ಸಾಕ್ಷಿ

ಕಾವಲುಗಳೆಲ್ಲ ಸೋತ ಮೇಲೆ ಮೋಟರು ರಿವೈಂಡಿಂಗ್ ಅಂಗಡಿಗೆ ಬರುತ್ತದೆ. ಮುಚ್ಚಳ ತೆಗೆದ ಕೂಡಲೇ ಸುತ್ತುಗಳ ಬಣ್ಣದಲ್ಲಿ ಕಾರಣ ಬರೆದಿರುತ್ತದೆ. ಸ್ಟಾರ್ ಜೋಡಣೆಯ ಮೋಟರಿನಲ್ಲಿ ಮೂರು ಗುಂಪಿನ ಪೈಕಿ ಎರಡು ಕಪ್ಪಾಗಿ ಒಂದು ಹೊಸದರಂತೆ ಹೊಳೆಯುತ್ತಿದ್ದರೆ ಫೇಸ್ ಹೋಗಿತ್ತು ಎಂದರ್ಥ. ಡೆಲ್ಟಾ ಜೋಡಣೆಯಲ್ಲಿ ಅದೇ ದೋಷಕ್ಕೆ ಒಂದು ಕಪ್ಪಾಗಿ ಎರಡು ಉಳಿಯುತ್ತವೆ. ಮೂರೂ ಸಮನಾಗಿ ಕಂದಿದ್ದರೆ ಕಡಿಮೆ ವೋಲ್ಟೇಜು ಅಥವಾ ಹೆಚ್ಚು ಹೊರೆ, ಜೊತೆಗೆ ತಪ್ಪಾಗಿ ತಿರುಗಿಸಿದ ರಿಲೇ. ಒಂದೇ ಕಡೆ ಕಾಸಿನಗಲ ಕಪ್ಪು ಚುಕ್ಕೆ ಇದ್ದರೆ ಅಲ್ಲಿ ಇನ್ಸುಲೇಷನ್ ಸವೆದು ಸುತ್ತು ಸುತ್ತಿಗೆ ತಾಗಿದೆ. ಅದಕ್ಕೂ ಡಬ್ಬಿಗೂ ಸಂಬಂಧವಿಲ್ಲ.

ಸುತ್ತುಗಳ ಮೇಲಿನ ಈ ಬರಹವನ್ನು ಓದಬಲ್ಲವರು ಈ ಸೀಮೆಯ ಅಂಗಡಿಗಳಲ್ಲಿ ಬೇಕಾದಷ್ಟಿದ್ದಾರೆ. ಓದಿದ್ದನ್ನು ರೈತನಿಗೆ ಹೇಳುವ ವಾಡಿಕೆ ಕಡಿಮೆ. ಅವನಿಗೆ ಸಂಜೆಯೊಳಗೆ ಮೋಟರು ಬೇಕು, ಇವರಿಗೆ ಮುಂದಿನ ಮೋಟರು ಕಾದಿರುತ್ತದೆ. ಸುಟ್ಟ ತಾಮ್ರವನ್ನು ಕತ್ತರಿಸಿ ಕಿತ್ತು ಗುಜರಿಗೆ ತೂಕಕ್ಕೆ ಹಾಕುತ್ತಾರೆ, ಹೊಸ ತಂತಿ ಸುತ್ತಿ, ವಾರ್ನಿಷ್ ಬಳಿದು ಬೇಯಿಸಿ, ಟ್ರ್ಯಾಕ್ಟರಿನ ಟ್ರೇಲರಿಗೆ ಏರಿಸುತ್ತಾರೆ. ಅಂಗಡಿಗೆ ಬಂದುಹೋಗುವುದು ಮೋಟರು ಮಾತ್ರ. ಡಬ್ಬಿ ಹೊಲದ ಕಂಬದಲ್ಲೇ ಇರುತ್ತದೆ, ಪಾಯಿಂಟಿನಲ್ಲಿ ಇರುವೆ, ಪ್ರಿವೆಂಟರಿನ ಜಾಗದಲ್ಲಿ ಬೈಪಾಸಿನ ತಂತಿ, ಹೋದ ತಿಂಗಳು ಇದ್ದಂತೆಯೇ.